880 ಗಂಟೆ ಎಲ್ಲಿ ಕೂರಿಸುತ್ತೀರಿ?

ನಾನಿರುವ ಮಿನ್ನೆಸೋಟದ ಸೇಂಟ್ ಪಾಲ್ ನಗರದಲ್ಲಿಯೇ ನಮ್ಮ ದೊಡ್ಡಮ್ಮನ ಮಗಳ ಮನೆಯೂ ಇದೆ. ಕಳೆದ ಚಳಿಗಾಲದ ಒಂದು ಭಾನುವಾರ ಊಟದ ನಡುವೆ ಅವಳ ಮಗಳು, ತಾನು ವ್ಯಸನಿಗಳ ಆಪ್ತಸಮಾಲೋಚಕಿಯಾಗಲು ಓದುತ್ತೇನೆ ಎಂದಳು. ಅಕ್ಕ ಸಾರಿನ ಸೌಟು ಹಿಡಿದವಳು ಹಾಗೆಯೇ ನಿಂತಳು. "ಅಂದರೆ ಕುಡುಕರ ಜೊತೆ ಕೆಲಸವೇ?" ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ನೀನಾದರೂ ಒಂದು ಒಳ್ಳೆಯ ಕಾಲೇಜು ನೋಡು" ಎಂದಳು. ಸೋತೆ ಎನ್ನುವುದನ್ನು ನಮ್ಮ ಅಮ್ಮಂದಿರು ಹೀಗೆಯೇ ಹೇಳುವುದು.

ಒಳ್ಳೆಯ ಕಾಲೇಜು ಎಂದರೆ ನನ್ನ ತಲೆಯಲ್ಲಿಯೂ ಮೊದಲು ಬಂದದ್ದು ರ‍್ಯಾಂಕೇ. ಸಿಇಟಿ ಪಟ್ಟಿ ನೋಡಿ ಬೆಳೆದವರಿಗೆ ಬೇರೇನು ಬರಬೇಕು? ಆದರೆ ಈ ಓದಿನಲ್ಲಿ ಹೆಸರಿಗಿಂತ ಮೊದಲು ನೋಡಬೇಕಾದದ್ದು ಸಮಾಲೋಚಕರಾಗಿ ಕೆಲಸ ಮಾಡಲು ಬೇಕಾದ ಪರವಾನಗಿ, ಅದು ರಾಜ್ಯಕ್ಕೊಂದು ಬಗೆ. ಮಿನ್ನೆಸೋಟದಲ್ಲಿ ಒಂದು ಪದವಿ, ಈ ವಿಷಯದಲ್ಲಿಯೇ 18 ಸೆಮಿಸ್ಟರ್ ಕ್ರೆಡಿಟ್, 880 ಗಂಟೆ ಮೇಲ್ವಿಚಾರಣೆಯಲ್ಲಿ ಮಾಡುವ ತರಬೇತಿ, ಅದರ ಮೇಲೆ ಪರೀಕ್ಷೆ. ನದಿ ದಾಟಿ ವಿಸ್ಕಾನ್ಸಿನ್‌ಗೆ ಹೋದರೆ ಲೆಕ್ಕವೇ ಬೇರೆ. ಮನೆಯಲ್ಲಿ ಕುಳಿತು ಆನ್‌ಲೈನ್ ಮುಗಿಸಿಬಿಡಿ ಎನ್ನುವ ಜಾಹೀರಾತು ಕಂಡಾಗ, ಆ ಪಾಠ ಯಾವ ರಾಜ್ಯದ ಮಂಡಳಿಗೆ ಒಪ್ಪಿತ ಎಂದು ಕೇಳದೆ ಹಣ ಕಟ್ಟಬಾರದು. ಕಾಲೇಜಿನ ಹಣಕಾಸನ್ನೂ ವಿಚಾರಿಸಬೇಕು. ಲಾಭಕ್ಕಾಗಿ ನಡೆದ ಶಾಲೆಯೆಂದು ಬೆಳೆದು, ಸಮಾಲೋಚನೆ, ಮನಶ್ಶಾಸ್ತ್ರದ ಪದವಿಗಳಿಗೆ ವಿದ್ಯಾರ್ಥಿಗಳನ್ನು ತುಂಬಿಕೊಂಡಿದ್ದ ಆರ್ಗೋಸಿ ವಿಶ್ವವಿದ್ಯಾಲಯ 2019ರ ಮಾರ್ಚ್‌ನಲ್ಲಿ ತರಗತಿಗಳು ನಡೆಯುತ್ತಿರುವಾಗಲೇ ಬಾಗಿಲು ಹಾಕಿತು. ಅದರ ಒಂದು ಕ್ಯಾಂಪಸ್ ನಮ್ಮ ಪಕ್ಕದ ಈಗನ್‌ನಲ್ಲಿತ್ತು.

ಇವೆರಡನ್ನು ಬಿಟ್ಟರೆ ಉಳಿಯುವುದು ಆ 880 ಗಂಟೆ. ವಾರಕ್ಕೆ 40ರಂತೆ 22 ವಾರ. ಆ ಹುಡುಗಿ ಕಸುಬು ಕಲಿಯುವುದು ಅಲ್ಲಿ, ತರಗತಿಯಲ್ಲಲ್ಲ. ನಾವು ನೋಡಿದ ಒಂದು ಕಾಲೇಜಿನಲ್ಲಿ ಗಾಜಿನ ಗೋಡೆಯ ಗ್ರಂಥಾಲಯ, ಒಳ್ಳೆಯ ಕಾಫಿ, ಮುಗುಳ್ನಗೆಯ ಮಾರ್ಗದರ್ಶಕರು ಎಲ್ಲವೂ ಇದ್ದವು. ತರಬೇತಿಯ ಜಾಗ ಮಾತ್ರ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಂತೆ. ಮತ್ತೊಂದರಲ್ಲಿ ಹಳೆಯ ಕಟ್ಟಡ, ಸದ್ದು ಮಾಡುವ ಹೀಟರ್. ಆದರೆ ಅಲ್ಲಿಯ ಸಂಯೋಜಕಿ ಎರಡು ಪುಟದ ಪಟ್ಟಿ ತೆಗೆದಳು. ಜೈಲು, ಅಫೀಮಿನಂಥ ಮಾದಕಗಳ ಚಟಕ್ಕೆ ಬದಲಿ ಔಷಧಿ ಕೊಡುವ ಮೆಥಡೋನ್ ಕ್ಲಿನಿಕ್, ಅಮಲು ಇಳಿಸುವ ಕೇಂದ್ರ, ಮೂಲನಿವಾಸಿಗಳ ಚಿಕಿತ್ಸಾಲಯ, ಸೋಮಾಲಿ ಕುಟುಂಬಗಳ ನಡುವೆ ಕೆಲಸ ಮಾಡುವ ಸಂಸ್ಥೆ. ಪ್ರತಿ ಹೆಸರಿನ ಮುಂದೆ ಮೇಲ್ವಿಚಾರಕರು ಯಾರು, ವಾರದಲ್ಲಿ ಎಷ್ಟು ಹೊತ್ತು ಜೊತೆಗೆ ಕೂರುತ್ತಾರೆ ಎನ್ನುವುದೂ ಇತ್ತು. ಹೀಟರಿನ ಸದ್ದನ್ನು ನಾನು ಅಲ್ಲಿಯೇ ಮರೆತೆ.

ಆ ಪಟ್ಟಿ ನೋಡುವಾಗ ನೆನಪಾದವನು ನನಗೂ ಅಕ್ಕನಿಗೂ ಸೋದರಮಾವನಾದವನು. ಅವನು ಕುಡಿತ ಬಿಟ್ಟದ್ದು ಊರಿನ ಸಮುದಾಯ ಭವನದಲ್ಲಿ, ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ನಡೆಸಿದ ಎಂಟು ದಿನದ ಮದ್ಯವರ್ಜನ ಶಿಬಿರದಲ್ಲಿ. ನಾನು ಕೊನೆಯ ದಿನ ಹೋಗಿದ್ದೆ. ಅತ್ತೆ ಮುಂದಿನ ಸಾಲಿನಲ್ಲಿ ಕುಳಿತಿದ್ದಳು, ಹಿಂದೆ ಅರ್ಧ ಊರು. ಇನ್ನು ಮುಟ್ಟುವುದಿಲ್ಲ ಎಂದು ಅವನು ಹೇಳಿದ್ದನ್ನು ಸಾಲ ಕೊಟ್ಟವನೂ ಕೇಳಿಸಿಕೊಂಡ, ಕಿರಾಣಿ ಅಂಗಡಿಯವನೂ ಕೇಳಿಸಿಕೊಂಡ. ಆಮೇಲೆ ವಾರ ವಾರ ನವಜೀವನ ಸಮಿತಿಯ ಸಭೆ. ಅಲ್ಲಿ ಅವನಿಗೆ ಬುದ್ಧಿ ಹೇಳುತ್ತಿದ್ದವರು ಯಾವ ಪದವಿಯನ್ನೂ ಪಡೆದವರಲ್ಲ, ತಾವೇ ಕುಡಿದು ಬಿಟ್ಟವರು.

ಇಲ್ಲಿ ನಡೆಯುವುದು ಇದರ ತದ್ವಿರುದ್ಧ. ವ್ಯಸನದ ಚಿಕಿತ್ಸೆಯ ದಾಖಲೆಗಳಿಗೆಂದೇ 1970ರ ದಶಕದಿಂದ ಫೆಡರಲ್ ಸರ್ಕಾರದ ಪ್ರತ್ಯೇಕ ನಿಯಮವಿದೆ. ರೋಗಿ ಬರೆದು ಒಪ್ಪಿಗೆ ಕೊಡದಿದ್ದರೆ, ಅವನು ಚಿಕಿತ್ಸೆಗೆ ಬರುತ್ತಿದ್ದಾನೆ ಎಂಬುದನ್ನೂ ಸಮಾಲೋಚಕ ಅವನ ಹೆಂಡತಿಗೆ ಹೇಳುವಂತಿಲ್ಲ. ನಮ್ಮಲ್ಲಾದರೆ ಮಾತು ಶುರುವಾಗುವುದೇ ಹೆಂಡತಿಯಿಂದ. ಯಾವುದು ಸರಿ ಎಂದರೆ, ನನಗೆ ಇಲ್ಲಿಯ ಗುಟ್ಟೇ ಸರಿ ಎನಿಸುತ್ತದೆ. ಮಾವನ ಶಿಬಿರಕ್ಕೆ ಬರಲು ನಾಚಿ ಹಿಂದೆ ಉಳಿದವರನ್ನು ನಾನು ಬಲ್ಲೆ. ಮಹಿಳೆಯರಂತೂ ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಹಾಗೆಂದು ಅತ್ತೆಯನ್ನು ಹೊರಗೆ ಕೂರಿಸಿ ಮಾವನನ್ನು ಸರಿಮಾಡಬಹುದಿತ್ತೆಂದು ನಾನು ನಂಬುವುದಿಲ್ಲ. ಕುಟುಂಬದೊಂದಿಗೆ ಕೆಲಸ ಮಾಡುವುದನ್ನು ಒಂದೇ ಅಧ್ಯಾಯದಲ್ಲಿ ಮುಗಿಸುವ ಕಾಲೇಜು ನಮ್ಮ ಹುಡುಗಿಗೆ ಬೇಡ ಎಂದು ನಾನು ಹಟ ಹಿಡಿದದ್ದು ಅದಕ್ಕೇ.

ಕುಡಿದು ಬಿಟ್ಟವರನ್ನೇ ಗುರುವಾಗಿಸುವುದು ನಮ್ಮೂರ ಬಡತನದ ಉಪಾಯ ಎಂದುಕೊಂಡಿದ್ದೆ. ಅದೂ ತಪ್ಪು. ಇದೇ ರಾಜ್ಯದ ವಿಲ್ಮರ್ ಸರ್ಕಾರಿ ಮಾನಸಿಕ ಆಸ್ಪತ್ರೆ 1950ರ ದಶಕದಲ್ಲಿ, ಕುಡಿತದಿಂದ ಹೊರಬಂದವರನ್ನು ಸಂಬಳ ಕೊಟ್ಟು ಸಮಾಲೋಚಕರನ್ನಾಗಿ ತೆಗೆದುಕೊಂಡಿತು. ವೈದ್ಯರು, ಮನಶ್ಶಾಸ್ತ್ರಜ್ಞರ ಪಕ್ಕದಲ್ಲಿ ಅವರಿಗೂ ಕುರ್ಚಿ. 1949ರಲ್ಲಿ ಇಲ್ಲಿಯ ಸೆಂಟರ್ ಸಿಟಿ ಎಂಬ ಊರಿನಲ್ಲಿ ಆರಂಭವಾಗಿದ್ದ ಹೇಝಲ್ಡನ್ ಚಿಕಿತ್ಸಾ ಕೇಂದ್ರ ಅದನ್ನು ಮುಂದುವರಿಸಿತು, ಜಗತ್ತು ಅದನ್ನು ಮಿನ್ನೆಸೋಟ ಮಾದರಿ ಎಂದಿತು. ಇಂದು ಹೇಝಲ್ಡನ್ ಆವರಣದಲ್ಲಿ ಇದೇ ವಿಷಯದ ಸ್ನಾತಕೋತ್ತರ ಶಾಲೆಯಿದೆ. ಅನುಭವ ಮೊದಲು, ಪದವಿ ಆಮೇಲೆ ಬಂದ ಕಸುಬು ಇದು. ಪಾಠ ಹೇಳುವವರಲ್ಲಿ ಅಂಥವರು ಒಬ್ಬರೂ ಇಲ್ಲದ ಕಾಲೇಜನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಮುಂದೆ ಬೆಂಗಳೂರಿಗೆ ಬಂದು ಕೆಲಸ ಮಾಡುವ ಆಸೆಯೂ ಅವಳಿಗಿದೆ. ಅಲ್ಲಿ ಇದೇ ಹೆಸರಿನ ಪರವಾನಗಿ ಇಲ್ಲ. ಸಾಮಾನ್ಯವಾಗಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಮನಶ್ಶಾಸ್ತ್ರ ಓದಿ ಈ ಕಡೆ ಬರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಂಥ ಜಾಗಗಳು ಬೆರಳೆಣಿಕೆಯಷ್ಟು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ ಎಂದು ಕೇಂದ್ರ ಸರ್ಕಾರದ 2019ರ ಸಮೀಕ್ಷೆಯೇ ಹೇಳಿದೆ. ಕೆಲಸಕ್ಕೆ ಬರವಿಲ್ಲ, ಕುರ್ಚಿಗೆ ಬರ.

ಕೊನೆಗೆ ಹೀಟರ್ ಸದ್ದಿನ ಕಾಲೇಜಿಗೇ ಅರ್ಜಿ ಹಾಕುವುದೆಂದಾಯಿತು. ಈ ಕ್ಷೇತ್ರವನ್ನೇ ಏಕೆ ಆರಿಸಿಕೊಂಡಿರಿ ಎಂದು ಎರಡು ಪುಟ ಬರೆಯಬೇಕಿತ್ತು. ಹುಡುಗಿ ಲ್ಯಾಪ್‌ಟಾಪ್‌ನಿಂದ ತಲೆಯೆತ್ತಿ, "ಅಮ್ಮ, ನಮ್ಮ ಮನೆಯಲ್ಲಿ ಯಾರಾದರೂ ಕುಡಿಯುತ್ತಿದ್ದರೇ?" ಎಂದು ಕೇಳಿದಳು. ನಮ್ಮ ಸೋದರಮಾವ ಅವಳಿಗೆ ತಾತ. ತಾತನಿಗೆ ಹಿಂದೊಮ್ಮೆ ಹೊಟ್ಟೆಯ ತೊಂದರೆಯಾಗಿತ್ತು ಎಂಬುದಷ್ಟೇ ಅವಳಿಗೆ ಗೊತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ, ಅದು ನನ್ನ ಗುಟ್ಟಲ್ಲ. ಅವಳು ಗಡಿಯಾರದತ್ತ ನೋಡಿ, "ತಾತ ಈಗ ಎದ್ದು ಕಾಫಿ ಕುಡಿಯುತ್ತಿರುತ್ತಾನೆ. ಫೋನ್ ಮಾಡಿ ಅವನನ್ನೇ ಕೇಳು" ಎಂದಳು.