ಆನ್‌ಲೈನ್ ಡಾಕ್ಟರೂ ಕತ್ತರಿಸಿದ ಸ್ಟ್ರಿಪ್ಪೂ

ಆನ್‌ಲೈನ್ ಡಾಕ್ಟರನ್ನು ನಮ್ಮ ಜನ ಉಲ್ಟಾ ಬಳಸುತ್ತಿದ್ದಾರೆ ಅನ್ನೋದು ನನ್ನ ತಕರಾರು. ನಿನ್ನೆ ಶುರುವಾದ ಜ್ವರಕ್ಕೆ ಚಾಟ್‌ನಲ್ಲೇ ಆಂಟಿಬಯಾಟಿಕ್ ಬೇಕು. ಅದೇ ಬಿಪಿ ಮಾತ್ರೆ, ಅದೇ ಡೋಸು ಮುಂದುವರಿಸೋಕೆ ಮಾತ್ರ ಬೆಳಗ್ಗೆ ಎಂಟಕ್ಕೇ ಹೋಗಿ ಟೋಕನ್ ಹಿಡಿದು ಕೂರ್ತಾರೆ.

ಫೋನು, ವಿಡಿಯೊದಲ್ಲಿ ಡಾಕ್ಟರು ಏನು ಬರೆಯಬಹುದು ಅನ್ನೋ ಕೇಂದ್ರ ಸರ್ಕಾರದ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ನೋಡಿ. ಹೊಸ ರೋಗಿಗೆ ಬರೀ ಫೋನು, ಚಾಟ್‌ನಲ್ಲಿ ಬರೆಯಬಹುದಾದ್ದು ಪ್ಯಾರಾಸಿಟಮಾಲ್, ಓಆರ್‌ಎಸ್, ಜಿಂಕ್‌ನಂಥವು. ವಿಡಿಯೊದಲ್ಲಿ ನೋಡಿದರೆ ಪಟ್ಟಿ ಸ್ವಲ್ಪ ಹಿಗ್ಗುತ್ತೆ. ಅದೇ ಕಾಯಿಲೆಗೆ ಅದೇ ಡಾಕ್ಟರನ್ನು ಆರು ತಿಂಗಳೊಳಗೆ ಎದುರಿಗೇ ಕಂಡಿದ್ದರೆ ಹಳೇ ಮಾತ್ರೆ ಮುಂದುವರಿಸಬಹುದು, ಇನ್ನೊಂದು ಸೇರಿಸಲೂಬಹುದು. ಆತಂಕಕ್ಕೆ ಕೊಡೋ ಅಲ್ಪ್ರಜೋಲಾಂ, ಜೋರು ನೋವಿಗೆ ಕೊಡೋ ಟ್ರಾಮಡಾಲ್ ಕೇಳಿ ಡಾಕ್ಟರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವು ಮಾದಕವಸ್ತು ಕಾಯ್ದೆಯಡಿ ಬರುತ್ತವೆ, ಆನ್‌ಲೈನ್‌ನಲ್ಲಿ ಬರೆಯೋ ಹಾಗಿಲ್ಲ.

ಎಡವಟ್ಟಾಗೋದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ‘ಈಗ ಏನು ತಗೊಳ್ತಿದ್ದೀರಿ?’ ಅಂದ್ರೆ ಕ್ಯಾಮೆರಾಗೆ ಸ್ಟ್ರಿಪ್ ಹಿಡೀತೀವಿ. ಅಂಗಡಿಯವರು ಐದು ಮಾತ್ರೆ ಕತ್ತರಿಸಿ ಕೊಟ್ಟಿರ್ತಾರೆ. ಹೆಸರು, ಡೋಸು ಇದ್ದ ತುದಿ ಅಂಗಡಿಯಲ್ಲೇ ಉಳಿದಿರುತ್ತೆ. ಥೈರಾಯ್ಡ್ ಮಾತ್ರೆ 25 ಮೈಕ್ರೊಗ್ರಾಂನೋ 50ಓ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಸಾದಾನೋ, ನಿಧಾನಕ್ಕೆ ಕರಗೋ ಎಸ್‌ಆರೋ ಅಂತ ಬಣ್ಣ ನೋಡಿ ಹೇಳೋಕಾಗುತ್ತಾ? ಹೊಸ ಸ್ಟ್ರಿಪ್ ಕೈಗೆ ಬಂದ ದಿನವೇ ಹಿಂಬದಿಯ ಫೋಟೊ ತೆಗೆದಿಡಿ. ಆಯುರ್ವೇದದ ಚೂರ್ಣ, ಮಂಡಿನೋವಿನ ಮಾತ್ರೆಯನ್ನೂ ಹೇಳಿ. ‘ಅದೇನು ಔಷಧಿ ಅಲ್ಲ ಬಿಡಿ’ ಅಂತ ಮುಚ್ಚಿಟ್ಟ ನೋವಿನ ಮಾತ್ರೆಯೇ ಬಿಪಿ ಏರಿಸ್ತಿರಬಹುದು.

ಬಿಪಿ ಅಂಕಿ ಹೇಳೋದಾದರೆ ಅಳೆಯೋಕೆ ಅರ್ಧ ಗಂಟೆ ಮೊದಲು ಕಾಫಿ ಬೇಡ. ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ. ಎರಡನ್ನೂ ಹೇಳಿ, ಕಮ್ಮಿ ಬಂದದ್ದೊಂದನ್ನೇ ಆರಿಸಿ ಹೇಳಬೇಡಿ. ಚರ್ಮದ ಗಂದೆಯ ಫೋಟೊ ಹಗಲು ಬೆಳಕಲ್ಲಿ, ಬ್ಯೂಟಿ ಫಿಲ್ಟರ್ ಇಲ್ಲದೆ, ಒಂದು ಹತ್ತಿರದಿಂದ, ಒಂದು ದೂರದಿಂದ. ಎದೆನೋವು, ಬಾಯಿ ಸೊಟ್ಟಗಾಗೋದು, ಉಸಿರಾಟದ ಕಷ್ಟ ಇದ್ದರೆ ಆ್ಯಪ್ ತೆರೆಯೋ ಹೊತ್ತಲ್ಲ, 108.

ದುಡ್ಡಿನದೇ ಚಿಂತೆಯಾದರೆ ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ ಇ-ಸಂಜೀವಿನಿ ಪುಕ್ಕಟೆ. ಯಾಕೋ ಜನ ಅದನ್ನು ನೆನೆಸಿಕೊಳ್ಳೋದೇ ಕಮ್ಮಿ.

ಕೊನೆಗೆ ಆನ್‌ಲೈನ್ ಡಾಕ್ಟರು ಕಳಿಸೋ ಔಷಧಿ ಚೀಟಿ. ರೋಗಿಯ ಹೆಸರು, ವಯಸ್ಸು, ತಾರೀಖು, ಡಾಕ್ಟರ ಸಹಿ, ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಲೇಬೇಕು. ಮೆಡಿಕಲ್ ಶಾಪಿನವರು ವಾಪಸ್ ಕಳಿಸಿದರೆ ಅವರನ್ನು ಬೈಯೋ ಮುಂಚೆ ನಿಮ್ಮ ಸ್ಕ್ರೀನ್‌ಶಾಟ್ ಒಮ್ಮೆ ನೋಡಿ. ಸಹಿ, ನೋಂದಣಿ ಸಂಖ್ಯೆ ಇರೋ ಕೆಳಗಿನ ಸಾಲೇ ಸ್ಟ್ರಿಪ್ಪಿನ ತುದಿಯ ಹಾಗೆ ಕಟ್ ಆಗಿರುತ್ತೆ. ಪೂರ್ತಿ ಪಿಡಿಎಫ್ ಕೇಳಿ ತರಿಸಿಕೊಳ್ಳಿ.