ಇಟಲಿಯ ಕಾರು, ಉದ್ಯಮಬಾಗದ ಲೇತು

ಕಳೆದ ವಾರ ಸೋದರಳಿಯ ಒಂದು ಹಳೆಯ ಕಾರಿನ ಫೋಟೊ ಕಳಿಸಿ, "ಮಾಮಾ, ಇದನ್ನ ತಗೋಬಹುದೇನ್ರಿ?" ಎಂದು ಕೇಳಿದ. ಇಟಲಿಯ ಕಾರು, ಸೆಕೆಂಡ್ ಹ್ಯಾಂಡ್. ಇಟಲಿಯ ಕಾರು ಓಡಿಸಲು ಸೊಗಸು, ಆದರೆ ನೆಚ್ಚಲಾಗದು ಎಂಬ ಮಾತು ಇದ್ದದ್ದೇ. ಫೋಟೊ ಸಂಜೆ ಬಿಸಿಲಿನಲ್ಲಿ ತೆಗೆದದ್ದು. ಆ ಬಿಸಿಲಿನಲ್ಲಿ ಯಾವ ಕಾರಾದರೂ ಚೆಂದವೇ ಕಾಣುತ್ತದೆ. ಹನ್ನೊಂದು ವರ್ಷಗಳಿಂದ ಬೆಳಗಾವಿಯಲ್ಲಿ ಅಂಥದೇ ಒಂದನ್ನು ಸಾಕಿಕೊಂಡಿರುವವನು ನಾನು (ಸಾಕುವುದು ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ). ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನನ್ನ ಕಾರು ಯಾವ ಕಂಪನಿಯದೆಂದು ಮಾತ್ರ ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಆ ಹೆಸರಿನ ಸುತ್ತಲೇ ತಿರುಗುತ್ತದೆ.

ಬೆಳಗಾವಿಯಿಂದ ಗೋವೆಯ ದಾರಿಯಲ್ಲಿ ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೊರಟರೆ ರಸ್ತೆ ಕಾಡಿನೊಳಗೆ ಬಳುಕುತ್ತ ಚೋರ್ಲಾ ಘಾಟಿನತ್ತ ಸಾಗುತ್ತದೆ. ಆ ತಿರುವುಗಳಲ್ಲಿ ನನ್ನ ಕಾರಿನ ಸ್ಟೇರಿಂಗ್ ತುಸು ಭಾರವಾಗುತ್ತದೆ, ಮುಂದಿನ ಚಕ್ರದ ಕೆಳಗೆ ಡಾಂಬರಿದೆಯೋ ಜಲ್ಲಿಯಿದೆಯೋ ಎಂಬುದು ಅಂಗೈಗೆ ತಿಳಿಯುತ್ತದೆ. ಆಮೇಲೆ ಬೇರೆಯವರ ಹೊಸ ಕಾರು ಓಡಿಸಿದಾಗ ಮೊಬೈಲಿನಲ್ಲಿ ಆಟ ಆಡಿದಂತಾಯಿತೇ ಹೊರತು ಬಂಡಿ ಓಡಿಸಿದಂತಾಗಲಿಲ್ಲ. ಈ ಸುಖಕ್ಕೆ ಬೆಲೆ ಕಟ್ಟುವುದು ಕಷ್ಟ. ಆದರೆ ಬೆಲೆ ಕೊಟ್ಟದ್ದಂತೂ ಅದೇ ರಸ್ತೆಯಲ್ಲಿ. ಒಂದು ಜುಲೈನಲ್ಲಿ ಕಣಕುಂಬಿಯ ಹತ್ತಿರ, ಮಳೆ ಎಡೆಬಿಡದೆ ಸುರಿಯುತ್ತಿದ್ದಾಗ, ಹಿಂದಿನ ಎಡಗಡೆಯ ಕಿಟಕಿಯ ಗಾಜು ಟಕ್ಕೆಂದು ಸದ್ದು ಮಾಡಿ ಬಾಗಿಲಿನೊಳಗೆ ಇಳಿದುಹೋಯಿತು. ಹಿಂದೆ ಕುಳಿತಿದ್ದ ನನ್ನ ಹೆಂಡತಿ ಗೋವೆ ಮುಟ್ಟುವವರೆಗೂ ಕಾರಿನೊಳಗೇ ಛತ್ರಿ ಬಿಚ್ಚಿ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಬಾಗಿಲು ಬಿಚ್ಚಿ ನೋಡಿದರೆ, ಗಾಜನ್ನು ಕೇಬಲ್ಲಿಗೆ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪು ತುಂಡಾಗಿತ್ತು. ಹೆಬ್ಬೆರಳಿನ ಉಗುರಿನಷ್ಟು ಗಾತ್ರದ್ದು. ಅದೊಂದನ್ನೇ ಬಿಡಿಯಾಗಿ ಮಾರುವುದಿಲ್ಲ, ಮೋಟರಿನ ಸಮೇತ ಇಡೀ ಸೆಟ್ ತರಿಸಬೇಕು, ಪುಣೆಯಿಂದ ಬರಲು ನಲವತ್ತು ದಿನವಾದೀತು ಎಂದು ಸರ್ವೀಸ್‌ನವರು ಹೇಳಿದರು. ಕೊನೆಗೆ ಕೈ ಹಿಡಿದದ್ದು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೋಹ ಕಡೆಯುವ ಒಂದು ಲೇತ್ ಅಂಗಡಿ. ಅಲ್ಲಿಯ ಹಿರಿಯರು ಮುರಿದ ಚೂರನ್ನು ಬೆಳಕಿಗೆ ಹಿಡಿದು, "ಇದು ಕಾರಿಂದೇನ್ರಿ ಸಾಹೇಬ್ರ? ನಾ ಹುಡುಗರ ಆಟಗಿ ಸಾಮಾನ ಅಂತ ತಿಳ್ದಿದ್ನಿ" ಎಂದು ನಕ್ಕರು. ಮರುದಿನ ಮಧ್ಯಾಹ್ನ ಹಿತ್ತಾಳೆಯಲ್ಲಿ ಅದೇ ಅಳತೆಯದು ತಯಾರಾಗಿತ್ತು. ಆ ಗಾಜು ಇಂದಿಗೂ ಅಲುಗಿಲ್ಲ. ಉಳಿದ ಮೂರು ಬಾಗಿಲುಗಳಿಗೂ ಅವರಿಂದಲೇ ಮಾಡಿಸಿಕೊಂಡಿದ್ದೇನೆ.

ನಮ್ಮೂರಿನಲ್ಲಿ "ಈ ಗಾಡಿ ಭರವಸೆಯದು" ಎಂದು ಜನ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಗಾಡಿ ಕೆಡುವುದೇ ಇಲ್ಲ ಎಂಬ ಅರ್ಥವಲ್ಲ, ಕೆಟ್ಟರೆ ಸಾಮಾನು ಸಂಜೆಯೊಳಗೆ ಸಿಗುತ್ತದೆ ಎಂಬ ಅರ್ಥ ಎಂದು ನನಗೆ ಆಗಿನಿಂದ ಅನಿಸತೊಡಗಿತು. ಪ್ರೀಮಿಯರ್ ಪದ್ಮಿನಿಯನ್ನೇ ನೋಡಿ. ಅದು ಇಟಲಿಯ ಫಿಯಟ್ 1100ರ ಅವತಾರ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯಾಗಿ ಮುಂಬಯಿಯ ಮಳೆಯಲ್ಲಿ ತಲೆಮಾರುಗಳ ಕಾಲ ದುಡಿದು, 2023ರ ಅಕ್ಟೋಬರ್‌ನಲ್ಲಿ ಅದು ಬೀದಿ ಬಿಟ್ಟದ್ದು ಟ್ಯಾಕ್ಸಿಗಳಿಗೆ ಇರುವ ವಯಸ್ಸಿನ ಮಿತಿ ಮುಗಿದದ್ದರಿಂದ. ಅದನ್ನು ನೆಚ್ಚಲಾಗದ ಗಾಡಿ ಎಂದು ಯಾವ ಟ್ಯಾಕ್ಸಿಯವನಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದರ ಸಾಮಾನು ಸಿಗುತ್ತಿತ್ತು, ಕಾರ್ಬೊರೇಟರ್ ಬಿಚ್ಚಿ ತೊಳೆಯಬಲ್ಲ ಹುಡುಗರು ಎಲ್ಲೆಂದರಲ್ಲಿ ಇದ್ದರು.

ಇನ್ನೊಂದು ಉದಾಹರಣೆ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ಇತ್ತು. ಬೆಂಗಳೂರು, ಪುಣೆ ಎಂದು ಬಾಡಿಗೆಗೆ ಓಡಿ ಲಕ್ಷಗಟ್ಟಲೆ ಕಿಲೋಮೀಟರ್ ಮುಗಿಸಿದ ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳಲ್ಲಿ 1.3 ಲೀಟರಿನ ಫಿಯಟ್ ಮಲ್ಟಿಜೆಟ್ ಎಂಜಿನ್ ಕೂತಿತ್ತು. ಟಾಟಾ ಇಂಡಿಕಾ ವಿಸ್ಟಾದಲ್ಲಿಯೂ ಅದೇ. ಮಾರುತಿಯ ಬಾನೆಟ್ಟಿನ ಕೆಳಗಿದ್ದಾಗ "ಬಂಗಾರದಂಥ ಎಂಜಿನ್" ಎಂದು ಹೊಗಳುತ್ತಿದ್ದವರೇ ಅದು ಇಟಲಿಯದು ಎಂದರೆ ನಂಬುತ್ತಿರಲಿಲ್ಲ. ಆಧುನಿಕ ಡೀಸೆಲ್ ಕಾರುಗಳ ಕಾಮನ್ ರೇಲ್ ವ್ಯವಸ್ಥೆಯೂ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೆ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಹಾಯಿಸುವುದು) 1997ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಆಲ್ಫಾ ರೋಮಿಯೋ 156ರಲ್ಲಿ. ಅದನ್ನು ರೂಪಿಸಿದ್ದ ಫಿಯಟ್, ಮಾರಾಟಕ್ಕೆ ಸಿದ್ಧಗೊಳಿಸುವ ಕೆಲಸವನ್ನು ಅಷ್ಟರಲ್ಲಾಗಲೇ ಜರ್ಮನಿಯ ಬಾಷ್ ಕಂಪನಿಗೆ ಮಾರಿಬಿಟ್ಟಿತ್ತು. ಅಡುಗೆ ಮಾಡಿಟ್ಟು ಬಡಿಸುವ ಹೊತ್ತಿಗೆ ಎದ್ದುಹೋಗುವ ಗುಣ ಅವರದು.

ಹಾಗೆಂದು ತಪ್ಪನ್ನೆಲ್ಲ ಸಾಮಾನಿನ ಅಂಗಡಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನೇಪಲ್ಸ್ ಪಕ್ಕದ ಪೊಮಿಲ್ಯಾನೊದಲ್ಲಿ 1972ರಿಂದ ತಯಾರಾದ ಆಲ್ಫಾ ರೋಮಿಯೋದ ಆಲ್ಫಾಸುದ್ ಕಾರು, ತಿರುವುಗಳಲ್ಲಿ ತನ್ನ ವರ್ಗದ ಕಾರುಗಳನ್ನು ನಾಚಿಸುತ್ತಿತ್ತು, ಆದರೆ ಅದರ ತಗಡು ತುಕ್ಕು ಹಿಡಿಯುವುದಕ್ಕೇ ಹುಟ್ಟಿದಂತಿತ್ತು. ಇಟಲಿಯದೇ ಇನ್ನೊಂದು ಕಂಪನಿ ಲಾನ್ಸಿಯಾದ ಬೀಟಾ ಕಾರಿನಲ್ಲಿ ಎಂಜಿನ್ ಹೊತ್ತ ಚೌಕಟ್ಟೇ ತುಕ್ಕು ತಿಂದು, 1980ರ ಸುಮಾರಿಗೆ ಬ್ರಿಟನ್ನಿನಲ್ಲಿ ಕಂಪನಿ ಹಳೆಯ ಕಾರುಗಳನ್ನು ಗಿರಾಕಿಗಳಿಂದ ಮರಳಿ ಕೊಳ್ಳಬೇಕಾಯಿತು. ಆ ಅಪಖ್ಯಾತಿಯಿಂದ ಲಾನ್ಸಿಯಾ ಅಲ್ಲಿ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಎಂಜಿನ್ನಿನ ಮೇಲೆ ಸುರಿದ ಪ್ರೀತಿಯಲ್ಲಿ ಒಂದು ಪಾಲನ್ನಾದರೂ ತಗಡಿಗೆ, ವೈರಿಂಗಿಗೆ, ಕಿಟಕಿಯ ಕ್ಲಿಪ್ಪಿಗೆ ಅವರು ತೋರಿಸಲಿಲ್ಲ ಎಂಬ ಸಿಟ್ಟು ಛತ್ರಿಯ ಪ್ರಸಂಗದ ನಂತರ ನನಗೂ ಇದೆ.

ಮಾಲೀಕನ ಪಾಲಿನ ತಪ್ಪೂ ಒಂದಿದೆ. ಈ ಎಂಜಿನ್ನುಗಳಲ್ಲಿ ಎಷ್ಟೋ ಟೈಮಿಂಗ್ ಬೆಲ್ಟಿನವು, ಅಂದರೆ ವಾಲ್ವು, ಪಿಸ್ಟನ್ನುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಿಡುವುದು ಒಂದು ರಬ್ಬರ್ ಪಟ್ಟಿ. ಆ ಪಟ್ಟಿ ಓಡುವಾಗ ಹರಿದರೆ ಹಲವು ಎಂಜಿನ್ನುಗಳಲ್ಲಿ ವಾಲ್ವುಗಳು ಮೇಲೇರಿ ಬಂದ ಪಿಸ್ಟನ್ನಿಗೆ ಬಡಿದು ಸೊಟ್ಟಗಾಗುತ್ತವೆ, ಹೆಡ್ ಬಿಚ್ಚದೆ ಬೇರೆ ದಾರಿಯಿರುವುದಿಲ್ಲ. ಹರಿಯುವ ಮುನ್ನ ಅದು ಯಾವ ಸೂಚನೆಯನ್ನೂ ಕೊಡದೆ ಇರಬಹುದು. ಕಿಲೋಮೀಟರ್ ಆಗಿರದಿದ್ದರೂ ಕಂಪನಿ ಹೇಳಿದಷ್ಟು ವರ್ಷ ತುಂಬಿದರೆ ಬದಲಿಸಲೇಬೇಕು. ಆಯಿಲ್ ಬದಲಿಸಿದರೆ ಸರ್ವೀಸ್ ಮುಗಿಯಿತು ಎಂದುಕೊಂಡಿರುವ ನಾವು ಇದನ್ನು ಮುಂದೂಡುತ್ತ ಹೋಗಿ, ಹರಿದ ದಿನ ಇಟಲಿಯವರನ್ನು ಬೈಯುತ್ತೇವೆ.

ಸೋದರಳಿಯನಿಗೆ ಹೇಳಿದ್ದು ಇಷ್ಟು: ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮಾತ್ರ ಇದನ್ನು ತೆಗೆದುಕೊ, ದಿನಾ ನಿಪ್ಪಾಣಿಗೆ ಡ್ಯೂಟಿಗೆ ಹೋಗುವುದಕ್ಕೆ ಇದೊಂದನ್ನೇ ನಂಬಬೇಡ, ಬೆಲ್ಟು ಯಾವಾಗ ಬದಲಿಸಿದ್ದೆಂದು ಬಿಲ್ಲು ನೋಡದೆ ಮುಂಗಡ ಕೊಡಬೇಡ. ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದ. ಮಾರುವವರ ಬಳಿ ಬಿಲ್ಲು ಇಲ್ಲವಂತೆ, "ಮೊನ್ನೆ ಮೊನ್ನೆ ಹಾಕ್ಸೀವ್ರಿ" ಎನ್ನುತ್ತಾರಂತೆ. ಹಾಕಿಸಿಲ್ಲವೆಂದೇ ತಿಳಿದುಕೊ, ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪು ಮೂರರ ಖರ್ಚನ್ನೂ ಕಾರಿನ ಬೆಲೆಯಲ್ಲಿ ಮುರಿದುಕೊ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ಆ ಲೇತಿನವ್ರ ನಂಬರ್ ಕಳಸ್ರಿ" ಎಂದ.