ಫ್ರಿಡ್ಜ್ ಮೇಲಿನ ಪೀಸಾ

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಮ್ಮನಿಗೆ ಸೊಟ್ಟಗಿರುವುದು ಏನು ಕಂಡರೂ ಆಗುವುದಿಲ್ಲ. ಕ್ಯಾಲೆಂಡರು, ಕಾಲೊರಸು, ದೇವರ ಫೋಟೋ, ನನ್ನ ಚಪ್ಪಲಿ, ಎಲ್ಲವೂ ಅವರು ಹೋಗುವ ಹೊತ್ತಿಗೆ ಗೆರೆ ಎಳೆದ ಹಾಗೆ ನಿಂತಿರುತ್ತವೆ. ಒಳ್ಳೆಯದೇ. ನನ್ನ ತಕರಾರು ಒಂದೇ. ಫ್ರಿಡ್ಜಿನ ಬಾಗಿಲ ಮೇಲೆ ಇಟಲಿಯ ಪೀಸಾ ಗೋಪುರದ ಮ್ಯಾಗ್ನೆಟ್ ಒಂದಿದೆ. ಅದನ್ನೂ ಅವರು ದಿನಾ ನೆಟ್ಟಗೆ ಮಾಡಿ ಹೋಗುತ್ತಾರೆ.

ಸಂಜೆ ನಾನು ಬಂದು ಅದನ್ನು ಬಲಕ್ಕೆ ವಾಲಿಸುತ್ತೇನೆ. ಬೆಳಿಗ್ಗೆ ಅವರು ಒರೆಸುವ ಬಟ್ಟೆ ಹಿಡಿದು ಬಂದು ಮತ್ತೆ ನೆಟ್ಟಗೆ ಮಾಡುತ್ತಾರೆ. ಒಂದೂವರೆ ವರ್ಷದಿಂದ ಇದು ನಡೆದಿದೆ. ಒಮ್ಮೆ ಬಾಯಿಬಿಟ್ಟು ಹೇಳಿದೆ. "ಅಮ್ಮಾ, ಅದು ಇರೋದೇ ಹಾಗೆ. ಸೊಟ್ಟಗಿದೆ ಅಂತಾನೇ ಜನ ನೋಡೋಕೆ ಹೋಗ್ತಾರೆ." ಅವರು ನನ್ನನ್ನು ಒಂದು ಸಲ ನೋಡಿದರು. ಮ್ಯಾಗ್ನೆಟ್ಟನ್ನು ಒಂದು ಸಲ ನೋಡಿದರು. "ಸರಿ ಸಾರ್" ಅಂದರು. ಮರುದಿನ ಅದು ಮತ್ತೆ ನೆಟ್ಟಗಿತ್ತು.

ತಪ್ಪು ಮ್ಯಾಗ್ನೆಟ್ ಮಾಡಿದವನದೂ ಹೌದು. ಬರೀ ಗೋಪುರ ಕತ್ತರಿಸಿ ಮಾರಿದ್ದಾನೆ. ಅಡಿಯಲ್ಲಿ ನೆಲವಿಲ್ಲ, ಹುಲ್ಲಿಲ್ಲ, ಊರಿನ ಹೆಸರೂ ಇಲ್ಲ. ಎಷ್ಟು ವಾಲಿಸಬೇಕು ಅನ್ನೋದು ಕೊಂಡವರಿಗೇ ಬಿಟ್ಟದ್ದು. ಪಕ್ಕದಲ್ಲಿರುವ ಐಫೆಲ್ ಗೋಪುರದ ವಿಷಯದಲ್ಲಿ ಈ ರಗಳೆಯೇ ಇಲ್ಲ. 1889ರಲ್ಲಿ ಅದನ್ನು ಕಟ್ಟಿದಾಗ ಇಪ್ಪತ್ತು ವರ್ಷ ಕಳೆದ ಮೇಲೆ ಬಿಚ್ಚುವ ಮಾತಿತ್ತಂತೆ. ಬಿಚ್ಚಲಿಲ್ಲ. ಈಗ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಚೀಟಿ ಹಿಡಿದುಕೊಂಡು ನಿಂತಿದೆ. ಪೀಸಾಕ್ಕೆ ಚೀಟಿ ಹಿಡಿಯುವಷ್ಟು ಶಕ್ತಿ ಇಲ್ಲ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೆ ತಾನೇ ಬೀಳುತ್ತದೆ.

ಸೊಟ್ಟಗಿರುವ ಒಂದು ಕಟ್ಟಡವನ್ನು ನೋಡಲು ಜಗತ್ತು ಯಾಕೆ ಹೀಗೆ ಮುಗಿಬೀಳುತ್ತದೆ? ಈ ಬಗ್ಗೆ ನನ್ನದೇ ಒಂದು ಸಿದ್ಧಾಂತ ಇದೆ. ಹೇಳುತ್ತೇನೆ. ಅದಕ್ಕೆ ಮೊದಲು ಭಾವನ ಫೋಟೋ ವಿಷಯ ಹೇಳಬೇಕು.

ಅಕ್ಕ, ಭಾವ, ನಾನು ಮೂವರೂ ಯುರೋಪ್ ಟೂರಿಗೆ ಹೋಗಿದ್ದೆವು. ಹನ್ನೆರಡು ದಿನ, ಏಳು ದೇಶ. ಲೆಕ್ಕ ಹಾಕಿ ನೋಡಿ. ಲಿಕ್ಟನ್‌ಸ್ಟೈನ್ ಅನ್ನುವ ದೇಶದಲ್ಲಿ ನಾವು ಮೂತ್ರಕ್ಕೆ ಮಾತ್ರ ಇಳಿದೆವು. ಆದರೂ ಅದು ಏಳರಲ್ಲಿ ಒಂದು. ಬಸ್ಸಿನಲ್ಲಿ ಬೆಳಿಗ್ಗೆ ಎದ್ದರೆ ಯಾವ ದೇಶ ಅಂತ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆದರೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಎಲ್ಲ ದೇಶದಲ್ಲೂ ಅದೇ ಪುಲಾವ್. ಪ್ಯಾರಿಸಿನಲ್ಲಿ ಮೊನಾಲಿಸಾ ತೋರಿಸಿದರು. ತೋರಿಸಿದರು ಅಂದೆ, ನೋಡಿದೆ ಅನ್ನಲಿಲ್ಲ. ಆ ಚಿತ್ರ ಇರುವುದೇ 77 ಸೆಂಟಿಮೀಟರ್ ಎತ್ತರ. ಎದುರಿಗೆ ಎರಡು ಗಾಂಧಿ ಬಜಾರ್ ತುಂಬುವಷ್ಟು ಜನ. ಅಕ್ಕ ಆ ನೂಕಾಟದ ಸಹವಾಸವೇ ಬೇಡವೆಂದು ಬೆನ್ನು ತಿರುಗಿಸಿ ನಿಂತಳು. ಆ ಕಡೆಯ ಗೋಡೆಯಲ್ಲಿ ವೆರೊನೀಸ್ ಬರೆದ ಮದುವೆ ಊಟದ ಚಿತ್ರ ಇದೆ. ಸುಮಾರು ಹತ್ತು ಮೀಟರ್ ಅಗಲ. ಅದರ ಮುಂದೆ ಜಾಗವೋ ಜಾಗ. ಅಕ್ಕ ಇಪ್ಪತ್ತು ನಿಮಿಷ ಅದನ್ನೇ ನೋಡಿದಳು. ಆ ಮದುವೆಯಲ್ಲಿ ದ್ರಾಕ್ಷಾರಸ ಸಾಲದೆ ಏಸು ನೀರನ್ನೇ ದ್ರಾಕ್ಷಾರಸ ಮಾಡಿದ ಅಂತ ಗೈಡ್ ಹೇಳಿದ. "ನಮ್ಮ ಮದುವೇಲಿ ಮಜ್ಜಿಗೆಹುಳಿ ಸಾಲದೇ ಬಂದಾಗ ನೀರೇ ಸೇರಿಸಿದ್ದಲ್ವಾ" ಅಂದಳು ಅಕ್ಕ. ಭಾವ ಕೇಳಿಸಿಕೊಳ್ಳದ ಹಾಗೆ ಮುಂದೆ ಹೋದರು. ಇಡೀ ಟೂರಿನಲ್ಲಿ ಒಂದು ಚಿತ್ರವನ್ನು ಸರಿಯಾಗಿ ನೋಡಿದವಳು ಅಕ್ಕ ಒಬ್ಬಳೇ.

ಪೀಸಾದಲ್ಲಿ ನಮಗೆ ಕೊಟ್ಟದ್ದು ಒಂದು ಗಂಟೆ ಹತ್ತು ನಿಮಿಷ. ಬಸ್ಸು ದೂರದಲ್ಲಿ ನಿಲ್ಲುತ್ತದೆ. ನಡೆದು ಹೋಗಬೇಕು. ದಾರಿಯುದ್ದಕ್ಕೂ ಭಾವ ಕುದಿಯುತ್ತಿದ್ದರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ಈ ಗೋಪುರದ ಮೇಲೆ ಅವರಿಗೆ ಕಾಲೇಜಿನ ದಿನದಿಂದಲೂ ಸಿಟ್ಟು.

"56 ಮೀಟರ್ ಎತ್ತರ ಕಣಯ್ಯಾ. ಪಾಯ ಎಷ್ಟು ಆಳ ಗೊತ್ತಾ? ಮೂರು ಮೀಟರ್! ಅದೂ ಜೌಗು ಮಣ್ಣಲ್ಲಿ! 1173ರಲ್ಲಿ ಶುರು ಮಾಡ್ತಾರೆ. ಮೂರನೇ ಅಂತಸ್ತಿಗೆ ಬರೋ ಹೊತ್ತಿಗೆ ವಾಲೋಕೆ ಶುರು. ಮುಗಿಸಿದ್ದು 1372ರಲ್ಲಿ. ಹತ್ತಿರ ಹತ್ತಿರ ಇನ್ನೂರು ವರ್ಷ!"

"ನಮ್ಮೂರ ಫ್ಲೈಓವರ್‌ಗಿಂತ ಜಾಸ್ತಿನಾ?" ಅಂದೆ. ಅವರು ನಗಲಿಲ್ಲ.

ಅವರ ಸಿಟ್ಟಿಗೆ ನಿಜವಾದ ಕಾರಣ ಬೇರೆ. ಯುದ್ಧಗಳ ಕಾಟಕ್ಕೆ ಕೆಲಸ ಮಧ್ಯದಲ್ಲಿ ಸುಮಾರು ನೂರು ವರ್ಷ ನಿಂತುಹೋಯಿತು. ಆ ನೂರು ವರ್ಷದಲ್ಲಿ ಅಡಿಯ ಜೇಡಿಮಣ್ಣು ಭಾರಕ್ಕೆ ಒತ್ತಿ ಒತ್ತಿ ಗಟ್ಟಿಯಾಯಿತು. ಒಂದೇ ಸಮನೆ ಕಟ್ಟಿದ್ದರೆ ಆಗಲೇ ಮಗುಚುತ್ತಿತ್ತು. ಅಂದರೆ ಗೋಪುರ ಉಳಿದದ್ದು ಕೆಲಸ ಮಾಡಿದ್ದರಿಂದಲ್ಲ, ಮಾಡದೇ ಬಿಟ್ಟದ್ದರಿಂದ. ಮೂವತ್ತೆರಡು ವರ್ಷ ಒಂದು ದಿನವೂ ತಡವಾಗಿ ಆಫೀಸಿಗೆ ಹೋಗದ ಮನುಷ್ಯನಿಗೆ ಇದು ಜೀರ್ಣವಾಗುವ ಮಾತಲ್ಲ. ಮತ್ತೆ ಕೆಲಸ ಶುರು ಮಾಡಿದವರು ವಾಲಿದ ಕಡೆ ಗೋಡೆಯನ್ನು ಒಂದಿಷ್ಟು ಎತ್ತರ ಮಾಡಿ ಸರಿದೂಗಿಸಲು ನೋಡಿದರು. ಅದಕ್ಕೇ ಸರಿಯಾಗಿ ನೋಡಿದರೆ ಗೋಪುರ ಬರೀ ಸೊಟ್ಟಗಿಲ್ಲ, ಪಚ್ಚಬಾಳೆಯ ಹಾಗೆ ಸ್ವಲ್ಪ ಡೊಂಕು. ನಮ್ಮ ಮ್ಯಾಗ್ನೆಟ್ಟಿನಲ್ಲಿ ಆ ಡೊಂಕು ಇಲ್ಲ. ಎರಡು ಯೂರೋಗೆ ಇನ್ನೇನು ಸಿಗುತ್ತದೆ.

ಇಷ್ಟೆಲ್ಲಾ ಬೈದ ಭಾವ, ಆ ಹುಲ್ಲುಹಾಸು ಕಂಡ ಕೂಡಲೇ ಏನು ಹೇಳಿದರು ಗೊತ್ತಾ? "ನಂದೊಂದು ಫೋಟೋ ತೆಗಿ. ಎತ್ತಿ ಹಿಡಿದಿರೋ ಹಾಗೆ."

ಅಲ್ಲಿಗೆ ಹೋಗದವರಿಗೆ ಆ ದೃಶ್ಯ ಹೇಳುವುದು ಕಷ್ಟ. ನೂರಾರು ಜನ ಹುಲ್ಲಿನ ಅಂಚಿನಲ್ಲಿ ಎರಡೂ ಕೈ ಗಾಳಿಯಲ್ಲಿ ಚಾಚಿ, ಹಲ್ಲು ಕಚ್ಚಿ, ಏನೂ ಇಲ್ಲದ ಕಡೆ ಏನನ್ನೋ ತಳ್ಳುತ್ತಿರುತ್ತಾರೆ. ಗೋಪುರದ ಕಡೆ ಯಾರೂ ನೋಡುವುದಿಲ್ಲ. ಅದಕ್ಕೆ ಬೆನ್ನೋ ಪಕ್ಕೆಯೋ ಕೊಟ್ಟು ಮೊಬೈಲ್ ನೋಡುತ್ತಾರೆ. ಒಬ್ಬ ಒಂದೇ ಬೆರಳಲ್ಲಿ ತಡೆಯುತ್ತಿದ್ದ, ಗೋವರ್ಧನ ಎತ್ತಿದ ಕೃಷ್ಣನ ಹಾಗೆ. ಇನ್ನೊಬ್ಬ ಕಾಲಲ್ಲಿ ಒದೆಯುತ್ತಿದ್ದ.

ಮೊದಲು ಭಾವ ಉತ್ತರದ ಕಡೆ ನಿಂತರು. ಗೋಪುರ ವಾಲಿರುವುದು ದಕ್ಷಿಣಕ್ಕೆ. ಹತ್ತು ಫೋಟೋ ತೆಗೆದ ಮೇಲೆ ತೋರಿಸಿದೆ. "ಇದು ಬೀಳಿಸ್ತಿರೋ ಹಾಗಿದೆಯಲ್ಲಯ್ಯಾ" ಅಂದರು. "ನಾನು ಇಂಜಿನಿಯರು. ಬೀಳಿಸೋ ಫೋಟೋ ಬೇಡ." ಸರಿ, ಆ ಕಡೆ ಹೋದೆವು. ಅಲ್ಲಿ ಜಾಗಕ್ಕೆ ಸಾಲು. ನಮ್ಮ ಸರದಿ ಬರಲು ಹದಿನೈದು ನಿಮಿಷ. ನಾನು ಒದ್ದೆ ಹುಲ್ಲಿನ ಮೇಲೆ ಮಂಡಿ ಊರಿ ಕೂತೆ. "ಬಲಕ್ಕೆ ಬನ್ನಿ. ಜಾಸ್ತಿಯಾಯ್ತು. ಕೈ ಮೇಲೆ. ಅಷ್ಟಲ್ಲ, ಆಶೀರ್ವಾದ ಮಾಡೋ ಹಾಗಿದೆ. ಭಾವಾ, ಈ ಕಡೆ ನೋಡಬೇಡಿ, ಕಷ್ಟಪಡ್ತಿರೋ ಹಾಗೆ ಮುಖ ಮಾಡಿ." "ನಂಗೆ ಕಷ್ಟ ಆಗ್ತಾನೇ ಇದೆ" ಅಂದರು. ಒಂದು ಫೋಟೋದಲ್ಲಿ ಕೈಗೂ ಗೋಪುರಕ್ಕೂ ಒಂದು ಗೇಣು ಅಂತರ, ಆಟೋ ನಿಲ್ಲಿಸುತ್ತಿದ್ದಾರೇನೋ ಅನ್ನಿಸುತ್ತದೆ. ಒಂದರಲ್ಲಿ ಕೈ ಗೋಪುರದ ಒಳಗೇ ಹೋಗಿದೆ. ಒಂದರಲ್ಲಿ ಐಸ್‌ಕ್ರೀಮ್ ತಿನ್ನುವ ಹುಡುಗನೊಬ್ಬ ಅಡ್ಡ ನಿಂತಿದ್ದಾನೆ, ಗೋಪುರವನ್ನು ತಲೆ ಮೇಲೆ ಹೊತ್ತ ಹಾಗೆ. ಅವನಿಗೆ ಏನೂ ಶ್ರಮವಿಲ್ಲದೆ ಸಿಕ್ಕ ಚಂದದ ಫೋಟೋ ಅದು. ಯಾವ ದೇಶದವರೋ ಗೊತ್ತಿಲ್ಲ, ಒಬ್ಬ ಅಜ್ಜಿ ಬಂದು ಭಾವನ ಮಣಿಕಟ್ಟು ಹಿಡಿದು ಸರಿಯಾದ ಕೋನಕ್ಕೆ ತಿರುಗಿಸಿ ಹೋದರು. ಭಾವ ಅಲುಗಾಡದೆ ಹಾಗೇ ನಿಂತರು. ಒಟ್ಟು 43 ಫೋಟೋ. ಗೈಡ್ ದೂರದಿಂದ ಕೊಡೆ ಎತ್ತಿ ತೋರಿಸುವವರೆಗೂ ನಡೆಯಿತು.

ನಾವು ಹತ್ತಲಿಲ್ಲ. ಪಕ್ಕದ ಚರ್ಚಿನ ಒಳಗೆ ಹೋಗಲಿಲ್ಲ. ಅದು ಗೋಪುರಕ್ಕಿಂತ ನೂರು ವರ್ಷ ಹಳೆಯದು. ಈ ಗೋಪುರ ಅದರ ಗಂಟೆ ಕಟ್ಟಲು ಕಟ್ಟಿದ್ದು ಅಷ್ಟೇ. ಎದುರಿಗೆ ದುಂಡನೆಯ ದೀಕ್ಷಾಮಂದಿರ ಇದೆ. ಅದರೊಳಗೆ ಅರ್ಧ ಗಂಟೆಗೊಮ್ಮೆ ಕಾವಲಿನವರೇ ನಿಂತು ಎರಡು ಸ್ವರ ಹಾಡುತ್ತಾರೆ, ಗುಮ್ಮಟದಲ್ಲಿ ಅದು ಮೇಳದ ಹಾಗೆ ತಿರುಗಿ ಬರುತ್ತದೆ. ಇದನ್ನು ನಾನು ಊರಿಗೆ ಬಂದ ಮೇಲೆ ಓದಿ ತಿಳಿದೆ. ಬಿಜಾಪುರದ ಗೋಳಗುಮ್ಮಟದಲ್ಲಿ ಕೂ ಅಂತ ಕೂಗಲು ಮಕ್ಕಳಿಗಿಂತ ಮೊದಲು ಓಡುವವನು ನಾನು. ಅಲ್ಲಿ ಇನ್ನೂರು ಅಡಿ ಆಚೆ ಅಂಥದೊಂದು ಇತ್ತು, ನಾನು ಮಂಡಿ ಒದ್ದೆ ಮಾಡಿಕೊಂಡು ಕೂತಿದ್ದೆ. ಯಾರಾದರೂ ಪೀಸಾ ಹೇಗಿತ್ತು ಅಂತ ಕೇಳಿದರೆ ಹುಲ್ಲಿನ ಬಗ್ಗೆ ಎಷ್ಟು ಬೇಕಾದರೂ ಹೇಳಬಲ್ಲೆ. ಯಾರೂ ಕೇಳುವುದಿಲ್ಲ ಅನ್ನೋದು ಬೇರೆ ಮಾತು. "ಪೀಸಾದಲ್ಲಿ ಪಿಜ್ಜಾ ತಿಂದ್ರಾ?" ಅಂತ ಕೇಳಿ ತಾವೇ ನಗುತ್ತಾರೆ. ಇದುವರೆಗೆ ಹನ್ನೊಂದು ಜನ. ನಾನು ಲೆಕ್ಕ ಇಟ್ಟಿದ್ದೇನೆ.

ಫೋಟೋ ಕಥೆ ಮುಗಿಯಲಿಲ್ಲ. ರಾತ್ರಿ ಹೋಟೆಲಿನಲ್ಲಿ ಭಾವ ನಲವತ್ತಮೂರನ್ನೂ ದೊಡ್ಡದು ಮಾಡಿ ಮಾಡಿ ನೋಡಿದರು. ಒಂದೇ ಒಂದರಲ್ಲಿ ಅಂಗೈ ಗೋಪುರಕ್ಕೆ ಸರಿಯಾಗಿ ತಾಗಿತ್ತು. ಆದರೆ ಮಂಡಿ ನೋವಿಗೆ ನಾನು ಮೊಬೈಲನ್ನು ವಾರೆಯಾಗಿ ಹಿಡಿದಿದ್ದೆ. ಆ ಫೋಟೋದಲ್ಲಿ ಗೋಪುರ ಕಂಬದ ಹಾಗೆ ನೆಟ್ಟಗಿದೆ. ಭಾವ, ಹಿಂದಿನ ಚರ್ಚು, ಐಸ್‌ಕ್ರೀಮ್ ಹುಡುಗ, ಇಡೀ ಪೀಸಾ ಊರು ಎಡಕ್ಕೆ ವಾಲಿದೆ.

ಬೈಗುಳಕ್ಕೆ ಸಿದ್ಧನಾಗಿ ಕೂತೆ. ಭಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ಮುಸೊಲಿನಿ ಕೈಲಿ ಆಗಲಿಲ್ಲ ಕಣಯ್ಯಾ ಇದು."

ನಿಜವೇ. ಆ ಸರ್ವಾಧಿಕಾರಿಗೆ ದೇಶದಲ್ಲೊಂದು ಸೊಟ್ಟ ಗೋಪುರ ಇರುವುದು ಅವಮಾನ ಅನ್ನಿಸಿತ್ತು. 1934ರಲ್ಲಿ ನೆಟ್ಟಗೆ ಮಾಡಿ ಅಂತ ಅಪ್ಪಣೆ ಕೊಟ್ಟ. ಪಾಯಕ್ಕೆ ನೂರಾರು ತೂತು ಕೊರೆದು ಸಿಮೆಂಟ್ ಹಾಲು ಬಿಟ್ಟರು. ಗೋಪುರ ಇನ್ನೂ ವಾಲಿತು. ಆಮೇಲೆ 1990ರಲ್ಲಿ ಜನರನ್ನು ಬಿಡುವುದೇ ನಿಲ್ಲಿಸಿ ಹನ್ನೆರಡು ವರ್ಷದ ಹತ್ತಿರ ಒದ್ದಾಡಿದರು. ಉತ್ತರದ ಕಡೆ ನೂರಾರು ಟನ್ ಸೀಸದ ಗಟ್ಟಿ ಹೇರಿದರು. ಕೊನೆಗೆ ಕೆಲಸಕ್ಕೆ ಬಂದದ್ದು ಬಲು ಸಣ್ಣ ಉಪಾಯ. ಎತ್ತರಕ್ಕಿದ್ದ ಆ ಉತ್ತರದ ಕಡೆಯ ಅಡಿಯಿಂದಲೇ ಕೊಳವೆ ತೂರಿಸಿ ಚೂರು ಚೂರೇ ಮಣ್ಣು ತೆಗೆದರು, ಇಲಿ ಕೊರೆದ ಹಾಗೆ. ಗೋಪುರ ತಾನಾಗೇ ಹಿಂದಕ್ಕೆ ಬಂತು. ಬಂದದ್ದು ಸುಮಾರು ಅರ್ಧ ಡಿಗ್ರಿ. ತುದಿಯಲ್ಲಿ ನಲವತ್ತು ಸೆಂಟಿಮೀಟರಿನ ಮೇಲೆ ಸ್ವಲ್ಪ. ಅಲ್ಲಿಗೆ ಬೇಕೆಂದೇ ನಿಲ್ಲಿಸಿದರು. ಈಗ ನಾಲ್ಕು ಡಿಗ್ರಿಯ ಹತ್ತಿರ ವಾಲಿದೆ. ಪೂರ್ತಿ ನೆಟ್ಟಗೆ ಮಾಡಿದ್ದರೆ ಅಕ್ಕ ಮ್ಯಾಗ್ನೆಟ್ ಕೊಂಡ ಆ ಬಾಂಗ್ಲಾದೇಶದ ಅಂಗಡಿಯವನ ಗತಿ ಏನಾಗುತ್ತಿತ್ತು?

ಆ ಫೋಟೋ ಇವತ್ತಿಗೂ ಭಾವನ ಡಿಪಿ. ಮೊನ್ನೆ ಮದುವೆಯೊಂದರಲ್ಲಿ ಯಾರಿಗೋ ತೋರಿಸುತ್ತಿದ್ದರು. "ನೋಡಿ, ಪೂರ್ತಿ ನಾಲ್ಕು ಡಿಗ್ರಿ. ಖರ್ಚು ಸೊನ್ನೆ."

ಸಿದ್ಧಾಂತ ಅಂದೆನಲ್ಲ. ಇನ್ನೊಂದು ನಿಮಿಷ. ಹೋದ ವಾರ ಮ್ಯಾಗ್ನೆಟ್ ಮತ್ತೆ ಬಿತ್ತು. ನಾನು ಮನೆಯಲ್ಲಿರಲಿಲ್ಲ. ಸಂಜೆ ಬಂದು ಎಂದಿನಂತೆ ವಾಲಿಸಲು ಹೋದರೆ ಅಲ್ಲಾಡಲಿಲ್ಲ. ಮರುದಿನ ವಿಷಯ ತಿಳಿಯಿತು.

"ದಿನಾ ಬೀಳ್ತಿತ್ತು ಸಾರ್. ಅದಕ್ಕೆ ಗಮ್ ಹಾಕ್ಬಿಟ್ಟೆ. ಇನ್ನು ಜಗ್ಗಲ್ಲ."

ನೆಟ್ಟಗೆ ಹಾಕಿದ್ದರು ಅಂತ ಬೇರೆ ಹೇಳಬೇಕೇ. ಚಾಕುವಿನ ತುದಿಯಿಂದ ಎಬ್ಬಿಸಲು ನೋಡಿದೆ. ಫ್ರಿಡ್ಜಿನ ಬಣ್ಣ ಎದ್ದಿತು, ಗೋಪುರ ಏಳಲಿಲ್ಲ. ಭಾನುವಾರ ಅಕ್ಕ ಭಾವ ಬಂದರು. ಭಾವ ಕಾಫಿ ಲೋಟ ಹಿಡಿದೇ ಫ್ರಿಡ್ಜಿನ ಮುಂದೆ ನಿಂತರು. ಕನ್ನಡಕ ಮೇಲೇರಿಸಿದರು. ಮೊಬೈಲಿನಲ್ಲಿ ರಸಮಟ್ಟ ತೆಗೆದು ಗೋಪುರದ ಪಕ್ಕಕ್ಕೆ ಹಿಡಿದರು.

"ಆಯಮ್ಮ ಪಕ್ಕಾ ಕಣಯ್ಯಾ. ಸೊನ್ನೆ ಡಿಗ್ರಿ."

"ಅದೇ ತಾನೆ ತೊಂದರೆ" ಅಂದೆ.

ಅವರು ಲೋಟ ಕೆಳಗಿಟ್ಟು ಗೇಣಿನಲ್ಲಿ ಫ್ರಿಡ್ಜಿನ ಅಗಲ ಅಳೆದರು. ಬಾಯಲ್ಲೇ ಏನೋ ಗುಣಿಸಿದರು. "ಅರವತ್ತು ಸೆಂಟಿಮೀಟರ್. ನಾಲ್ಕು ಡಿಗ್ರಿ ಬೇಕು ಅಂದ್ರೆ ಎಡಗಾಲಿನ ಅಡಿಗೆ ನಾಲ್ಕು ಸೆಂಟಿಮೀಟರ್ ಏನಾದ್ರೂ ಕೊಡ್ಬೇಕು. ಎರಡು ಹಳೇ ಡಿಕ್ಷನರಿ ಇದ್ಯಾ?"

ನಾನು ಕಪಾಟಿನ ಕಡೆ ಹೊರಟೆ.

"ಲೋ, ಮೊದಲು ಹಾಲಿನ ಪಾತ್ರೆ ಈಚೆ ತೆಗಿ" ಅಂದಳು ಅಕ್ಕ.